ನೆನೆಹಾಕಿದ ಗಾಲಿಗಳು

ಗಾಲಿ ಹಗುರವಾದರೆ ಕಾರಿನ ಓಟದಲ್ಲಿ ಫರಕು ಗೊತ್ತಾಗುತ್ತದೆಯೇ ಎಂದು ಈಗಲೂ ಯಾರಾದರೂ ನನ್ನನ್ನು ಕೇಳುತ್ತಾರೆ. ಹಳೆಯ ಡ್ರೈವರು, ತಿಳಿದೀತು ಎಂದು ಕೇಳುತ್ತಾರೆ. ಗೊತ್ತಾಗುತ್ತದೆ ಎನ್ನುತ್ತೇನೆ. ಹಿಂದಿನ ಸೀಟಿನಲ್ಲಿ ಕೂತವರಿಗೆ ಗೊತ್ತಾಗುವುದಿಲ್ಲ, ಸ್ಟೇರಿಂಗು ಹಿಡಿದವನಿಗೆ ಮಾತ್ರ ಗೊತ್ತಾಗುತ್ತದೆ. ಅವನ ಅಂಗೈಗೆ, ಬಲಗಾಲಿನ ಪಾದಕ್ಕೆ, ಸೊಂಟಕ್ಕೆ ತಿಳಿಯುವ ವಿಷಯ ಅದು. ಇಷ್ಟು ಸರಳವಾದ ಪ್ರಶ್ನೆಗೆ ಒಂದು ಸಲ ಸುಳ್ಳು ಉತ್ತರ ಕೊಟ್ಟೆ, ಅದರಿಂದ ನನ್ನ ಬದುಕಿನಲ್ಲಿದ್ದ ಒಬ್ಬನೇ ಗೆಳೆಯನನ್ನು ಕೈಯಾರೆ ದೂರ ಮಾಡಿಕೊಂಡೆ. ಅದನ್ನೇ ಬರೆಯುತ್ತಿದ್ದೇನೆ.

ಆಗ ನಾನು ಕೊಪ್ಪಳದ ಒಬ್ಬ ವಕೀಲರ ಕಾರು ನಡೆಸುತ್ತಿದ್ದೆ. ನಿಜಾಮರ ಕಾಲ, ಊರಲ್ಲಿದ್ದ ಕಾರುಗಳನ್ನು ಒಂದು ಕೈಯ ಬೆರಳಲ್ಲಿ ಎಣಿಸಿ ಇನ್ನೂ ಬೆರಳು ಉಳಿಯುತ್ತಿತ್ತು. ನಮ್ಮದು ಮೇಲೆ ಕ್ಯಾನ್ವಾಸಿನ ಹೊದಿಕೆ ಇದ್ದ, ಪಕ್ಕಕ್ಕೆ ಗಾಜಿಲ್ಲದ ದೊಡ್ಡ ಹಳೆಯ ಕಾರು. ಯಾರೋ ಅಧಿಕಾರಿ ಓಡಿಸಿ ಬೇಸತ್ತು ಬಿಟ್ಟದ್ದು. ಗಾಲಿಗಳು ಮರದವು. ಹೊರಗೆ ರಬ್ಬರಿನ ಟೈರು, ಅದರೊಳಗೆ ಕಬ್ಬಿಣದ ಬಳೆ, ಬಳೆಯ ಒಳಗೆ ಮರದ ಸುತ್ತು, ಸುತ್ತಿನಿಂದ ನಡುವಿನ ಗುಂಬದವರೆಗೆ ಅರೆಕಾಲು ಎನ್ನುವ ಹನ್ನೆರಡು ಮರದ ಕಡ್ಡಿ. ಹಳ್ಳಿಯ ಜನ ನೋಡಿ, ಚಕ್ಕಡಿ ಗಾಲಿಗೆ ರಬ್ಬರಿನ ಜೋಡು ತೊಡಿಸ್ಯಾರ ಎಂದು ನಗುತ್ತಿದ್ದರು. ನನಗೆ ಸಿಟ್ಟು ಬರುತ್ತಿತ್ತು. ನನಗೆ ಸಿಟ್ಟು ಬರಲು ಅಷ್ಟೂ ಬೇಕಾಗಿರಲಿಲ್ಲ ಎನ್ನಿ.

ವಕೀಲರಿಗೆ ವಾರಕ್ಕೊಮ್ಮೆ ಕುಷ್ಟಗಿಯ ಕಚೇರಿಯಲ್ಲಿ ಪೇಶಿ, ಇನ್ನೊಮ್ಮೆ ಯಲಬುರ್ಗಿಯಲ್ಲಿ, ಆಗೀಗ ಗಂಗಾವತಿಯಲ್ಲಿ. ಪೇಶಿ ಎಂದರೆ ಮೊಕದ್ದಮೆಯ ತಾರೀಖು. ಯಲಬುರ್ಗಿಯ ದಾರಿ ಎರೆಭೂಮಿ, ಎರಡು ಹನಿ ಬಿದ್ದರೆ ಟೈರಿಗೆ ಅಂಗೈ ದಪ್ಪದ ಕೆಸರು. ಕುಷ್ಟಗಿಯ ಕಡೆ ಕೆಂಪು ಮರಳು ಮಣ್ಣು, ನಡುನಡುವೆ ಒಡೆದ ಕಲ್ಲು, ಏರು, ಇಳುಕಲು, ಸೇತುವೆಯಿಲ್ಲದ ಹಳ್ಳ. ವಕೀಲರು ಹಿಂದೆ ಕೂತು ಕಾಗದ ಓದುತ್ತಿದ್ದರು, ಇಲ್ಲವೇ ನಿದ್ದೆ ಮಾಡುತ್ತಿದ್ದರು. ದಿನವೆಲ್ಲ ಜೊತೆಗಿದ್ದೂ ನಾವು ಹತ್ತು ಮಾತು ಆಡಿದ್ದರೆ ಹೆಚ್ಚು.

ನನ್ನ ಹೆಂಡತಿ ಗಂಗಾವತಿಯವಳು. ಮದುವೆಯಾಗಿ ಎರಡು ವರ್ಷಕ್ಕೆ ಜ್ವರ ಬಂದು ತೀರಿಕೊಂಡಳು, ಮಕ್ಕಳಿರಲಿಲ್ಲ. ಅದಾದ ಮೇಲೆ ಒಂದು ಸಲ, ವಕೀಲರು ಗಂಗಾವತಿಯ ಕಚೇರಿಯಲ್ಲಿದ್ದಾಗ, ಅವಳ ತವರಿಗೆ ಹೋದೆ. ಗದ್ದೆಯಲ್ಲಿ ನಾಟಿ ನಡೆದಿತ್ತು, ಮನೆಯವರೆಲ್ಲ ಕೆಸರುಗಾಲಲ್ಲಿ ಓಡಾಡುತ್ತಿದ್ದರು. ಅತ್ತೆ ಕೈ ಒರೆಸಿಕೊಳ್ಳುತ್ತ ಬಂದು, "ಏನ್ ಬಂದ್ರಿ?" ಎಂದು ಕೇಳಿದರು. ಬಂದವರನ್ನು ನಮ್ಮ ಕಡೆ ಎಲ್ಲರೂ ಕೇಳುವುದೇ ಹಾಗೆ. ಆದರೆ ನನಗೆ ಹೇಳಿಕೊಳ್ಳಲು ಒಂದು ಕೆಲಸ ಇರಲಿಲ್ಲ. ಸುಮ್ಮನೆ ಬಂದೆ ಎಂದು ಹೇಳಲು ನಾಲಿಗೆ ಏಳಲಿಲ್ಲ. ಈ ಕಡೆ ಹೊರಟಿದ್ದೆ ಎಂದು ಏನೋ ಗೊಣಗಿ, ನೀರು ಕುಡಿದು ಎದ್ದುಬಿಟ್ಟೆ. ಅವತ್ತಿನಿಂದ ಕೆಲಸವಿಲ್ಲದೆ ಯಾರ ಹೊಸ್ತಿಲನ್ನೂ ತುಳಿಯುವುದಿಲ್ಲ ಎಂದುಕೊಂಡೆ. ಅದನ್ನು ಸ್ವಾಭಿಮಾನ ಎಂದು ಕರೆದುಕೊಂಡೆ. ವಕೀಲರ ಮನೆಯ ಹಿಂದೆ, ಕಾರಿನ ಕೊಟ್ಟಿಗೆಗೆ ಹತ್ತಿದ ಕೋಣೆಯಲ್ಲಿ ನನ್ನ ವಾಸ. ಊಟದ ತಾಟನ್ನು ಮೆಟ್ಟಿಲ ಮೇಲೆ ಇಟ್ಟು ಹೋಗುತ್ತಿದ್ದರು, ಉಂಡು ತೊಳೆದು ಅಲ್ಲೇ ಇಡುತ್ತಿದ್ದೆ.

ಬೇಸಿಗೆಯಲ್ಲಿ ನಮ್ಮ ಸೀಮೆಯ ಗಾಳಿ ಮರದೊಳಗಿನ ಕೊನೆಯ ಹಸಿಯನ್ನೂ ಹೀರಿಬಿಡುತ್ತದೆ. ಅರೆಕಾಲುಗಳು ಒಣಗಿ ಸಣ್ಣಗಾಗುತ್ತಿದ್ದವು, ತಮ್ಮ ತೂತಿನಲ್ಲಿ ಅಲ್ಲಾಡುತ್ತಿದ್ದವು, ಕಾರು ತಿರುವಿದಾಗಲೆಲ್ಲ ಕಿರ್ರ್ ಎನ್ನುತ್ತಿದ್ದವು. ಒಂದು ಪೇಶಿಯ ದಿನ ಕುಷ್ಟಗಿಯಲ್ಲಿ ವಕೀಲರನ್ನು ಕಚೇರಿಗೆ ಇಳಿಸಿ, ನೆರಳು ಹುಡುಕುತ್ತ ಒಂದು ಓಣಿಗೆ ಕಾರು ತಿರುಗಿಸಿದೆ. ಅಂಗಳದಲ್ಲಿ ಚಕ್ಕಡಿ ಗಾಲಿ ಕಡೆಯುತ್ತಿದ್ದ ಒಬ್ಬ ಬಡಗಿ ಬಾಚಿ ನಿಲ್ಲಿಸಿ ಕಿವಿಗೊಟ್ಟ. ನನಗಿಂತ ಹದಿನೈದು ವರ್ಷ ದೊಡ್ಡವನಿದ್ದಾನು, ಎಲುಬು ಚರ್ಮ ಬಿಟ್ಟರೆ ಮೈಮೇಲೆ ಮತ್ತೇನೂ ಇಲ್ಲ.

"ಏನ್ರಿ, ನಿಮ್ಮ ಮೋಟಾರು ಅಳಾಕತ್ತೈತಿ," ಎಂದ. "ಗಾಲಿ ನೀರಡಿಸ್ಯಾವು. ನೀರ ಕುಡಸ್ರಿ."

"ಇದೇನು ಚಕ್ಕಡಿ ಅಲ್ಲ," ಎಂದೆ, ಮುಖ ಗಂಟು ಹಾಕಿಕೊಂಡು.

"ಕಟಗಿಗೆ ಅದೇನು ಗೊತ್ತೈತ್ರಿ?" ಎಂದ.

ಜಾಕು ಹಚ್ಚಿ ಹಿಂದಿನ ಎರಡು ಗಾಲಿ ಕಳಚಿದೆ. ಟೈರು, ಬಳೆ, ನಡುವಿನ ಕಬ್ಬಿಣದ ಗುಂಬ ತೆಗೆದು ಬರೀ ಮರವನ್ನು ಅವನ ಅಂಗಳದ ಕಲ್ಲಿನ ಡೋಣಿಯಲ್ಲಿ, ಎಂದರೆ ನೀರಿನ ತೊಟ್ಟಿಯಲ್ಲಿ, ಮುಳುಗಿಸಿದೆವು. ಆ ಕಡೆ ಬೇಸಿಗೆಯಲ್ಲಿ ಚಕ್ಕಡಿಯವರೆಲ್ಲ ಮಾಡುವುದು ಅದನ್ನೇ. ಗಾಲಿಯನ್ನು ಹಳ್ಳದಲ್ಲೋ ಡೋಣಿಯಲ್ಲೋ ನೆನೆಹಾಕುತ್ತಾರೆ, ಮರ ನೀರು ಕುಡಿದು ಉಬ್ಬಿ ತೂತಿನಲ್ಲಿ ಬಿಗಿಯಾಗಿ ಕೂರುತ್ತದೆ. ಅದಕ್ಕೆ ಅರ್ಧ ದಿನ ಬೇಕು. ಡೋಣಿಯಲ್ಲಿ ಎರಡೇ ಗಾಲಿ ಹಿಡಿಯುತ್ತಿದ್ದುದರಿಂದ ಮಿಕ್ಕ ಎರಡಕ್ಕೆ ಮುಂದಿನ ವಾರ ಬರಬೇಕಾಯಿತು. ಅಷ್ಟರಲ್ಲಿ ಮೊದಲಿನವು ಮತ್ತೆ ಒಣಗಿರುತ್ತಿದ್ದವು. ಮಳೆಗಾಲದಲ್ಲಿ ಕೊಳೆಯದಂತೆ ಅಗಸಿ ಎಣ್ಣೆ ಹಚ್ಚುವ ಕೆಲಸ, ಚಳಿಗಾಲದಲ್ಲಿ ಬೆಣೆ ಬಡಿಯುವ ಕೆಲಸ. ಹೀಗೆ ವರ್ಷಪೂರ್ತಿ ನನಗೆ ಆ ಅಂಗಳಕ್ಕೆ ಹೋಗಲು ಒಂದು ಕೆಲಸ ಸಿಕ್ಕಿತು.

ಗಾಲಿ ನೆನೆಯುತ್ತಿದ್ದಾಗ ನಾವು ಬೇವಿನ ನೆರಳಿಗೆ ಕೂರುತ್ತಿದ್ದೆವು. ಅವನ ಹೆಂಡತಿ ರೊಟ್ಟಿ ಬಡಿಯುವ ಸದ್ದು ಒಳಗಿನಿಂದ ಬರುತ್ತಿತ್ತು. ಸಜ್ಜೆರೊಟ್ಟಿ, ಪುಂಡಿಪಲ್ಯ, ಶೇಂಗಾ ಚಟ್ನಿ. ತಾಟನ್ನು ಯಾರೂ ಮೆಟ್ಟಿಲ ಮೇಲೆ ಇಡುತ್ತಿರಲಿಲ್ಲ, ಕೈಗೆ ಕೊಡುತ್ತಿದ್ದರು, ಸಾಕೆಂದರೂ ಮತ್ತೊಂದು ಹಾಕುತ್ತಿದ್ದರು. ವರ್ಷ ಕಳೆಯುವುದರೊಳಗೆ ಅವನು ನನಗೆ ಕಾಕಾ ಆದ, ನಾನು ಅವನಿಗೆ 'ನೀ' ಆದೆ. ನನ್ನ ಸಿಡುಕನ್ನು ಆಡಿಕೊಂಡು ನಗುತ್ತಿದ್ದ. ಇವತ್ತ ಡೋಣಿಯೊಳಗ ಗಾಲಿ ಬದ್ಲಿ ನಿನ್ನ ನೆನಿಹಾಕೂಣೇನು, ಭಾಳ ಒಣಗಿ ಬಂದೀಯಲ್ಲ ಎನ್ನುತ್ತಿದ್ದ.

ಒಂದು ದಿನ ನನ್ನ ಹೆಂಡತಿಯ ಹೆಸರು ಕೇಳಿದ. ಗಂಡಸರು ಹೆಂಡತಿಯ ಹೆಸರನ್ನು ಎದುರಿಗೆ ಹೇಳದ ಕಾಲ ಅದು, ಮದುವೆಯಲ್ಲಿ ಕಾಡಿಸಿ ಹೇಳಿಸಿದರೆ ಉಂಟು. ನಾನು ಡೋಣಿಯ ನೀರು ನೋಡುತ್ತ ಹೇಳಿದೆ. ನನ್ನ ಬಾಯಿಂದ ಆ ಹೆಸರು ಹೊರಬಂದು ಎಷ್ಟೋ ವರ್ಷವಾಗಿತ್ತು. ಛಲೋ ಹೆಸರು ಎಂದಷ್ಟೇ ಹೇಳಿ ಅವನು ಬಾಚಿ ಎತ್ತಿಕೊಂಡ. ಕೊಪ್ಪಳಕ್ಕೆ ಬರುವ ದಾರಿಯುದ್ದಕ್ಕೂ ನನ್ನ ಎದೆ ಹಗುರವಾಗಿತ್ತು.

ಗಾಲಿಗಳು ಮಾತ್ರ ವರ್ಷವರ್ಷಕ್ಕೆ ಭಾರವಾಗುತ್ತಿದ್ದವು. ಸೀಳಿದ ಅರೆಕಾಲು ತೆಗೆದು ಕಾಕಾ ಹೊಸದು ಹಾಕುತ್ತಿದ್ದ. ಅವನ ಕೈ ಚಕ್ಕಡಿಯ ಕೈ. ಗಾಲಿ ಎಂದರೆ ಹೊರೆ ಹೊರಬೇಕು, ಕಲ್ಲಿಗೆ ಬಗ್ಗಬಾರದು, ಅದಕ್ಕೆ ದಪ್ಪ ಜಾಲಿಯೇ ಸರಿ ಎಂಬುದು ಅವನ ಲೆಕ್ಕ. ತೆಳ್ಳಗಿದ್ದ ಪರದೇಶದ ಅರೆಕಾಲಿನ ಜಾಗದಲ್ಲಿ ಒಂದೊಂದಾಗಿ ದಪ್ಪ ಜಾಲಿ ಬಂತು. ಅದರ ಮೇಲೆ ನೆನೆದು ಕುಡಿದ ನೀರಿನ ತೂಕ ಬೇರೆ. ಏರಿನಲ್ಲಿ ಕಾರು ಏದುಸಿರು ಬಿಡುವುದು ನನ್ನ ಪಾದಕ್ಕೆ ತಿಳಿಯುತ್ತಿತ್ತು. ನಾನು ಬಾಯಿ ಬಿಡಲಿಲ್ಲ.

ಹೀಗಿರುವಾಗ ರಾಯಚೂರಿನಲ್ಲಿ ವಕೀಲರ ಪರಿಚಯದವರೊಬ್ಬರ ಕಾರು ಕೆಟ್ಟು ಕೂತಿತು. ಅದೇ ಜಾತಿಯ ಕಾರು, ಆದರೆ ತಂತಿ ಗಾಲಿಯದು. ಸೈಕಲ್ಲಿನ ಗಾಲಿಯಂತೆ ತೆಳ್ಳನೆಯ ಉಕ್ಕಿನ ಕಡ್ಡಿಗಳು. ಐದೂ ಗಾಲಿಗಳನ್ನು ಗುಂಬದ ಸಮೇತ ರೈಲಿಗೆ ಹಾಕಿ ಕಳಿಸಿದರು. ನೋಡಿ, ಓಡಿಸಿ, ಬೇಕಾದರೆ ಇಟ್ಟುಕೊಳ್ಳಿ, ಬೇಡವಾದರೆ ವಾಪಸು ಕಳಿಸಿ ಎಂದು ಬರೆದಿದ್ದರು. ಸ್ಟೇಷನ್ನಿನಿಂದ ಅವನ್ನು ತಂದವನು ನಾನೇ. ಒಂದೊಂದು ಕೈಗೆ ಒಂದೊಂದು ಗಾಲಿ ಎತ್ತಿಕೊಂಡು ನಡೆದಾಗಲೇ ಅವು ಎಷ್ಟು ಹಗುರ ಎಂದು ತಿಳಿಯಿತು. ಉಕ್ಕು ಬೇಸಿಗೆಯಲ್ಲಿ ಒಣಗುವುದಿಲ್ಲ, ಅದಕ್ಕೆ ನೀರು ಬೇಡ, ಬೆಣೆ ಬೇಡ, ಬಡಗಿ ಬೇಡ.

ವಕೀಲರು ಎಲ್ಲವನ್ನೂ ಕಚೇರಿಯ ರೀತಿಯಲ್ಲೇ ಮಾಡುವವರು. "ಒಂದು ವಾರ ತಂತಿ ಗಾಲಿ ಹಾಕಿ ಓಡಸು. ನೀನ ಸಾಕ್ಷಿ. ಫರಕ್ ಐತಿ ಅಂದ್ರ ಇಟ್ಕೊಳ್ಳೂಣು, ಇಲ್ಲಂದ್ರ ಕಳಸೂಣು," ಎಂದರು.

ಆ ವಾರ ಕುಷ್ಟಗಿಗೂ ಯಲಬುರ್ಗಿಗೂ ತಂತಿ ಗಾಲಿಯ ಮೇಲೆ ಹೋಗಿಬಂದೆವು. ಇದ್ದದ್ದನ್ನು ಇದ್ದ ಹಾಗೇ ಬರೆಯುತ್ತೇನೆ. ಸಪಾಟು ದಾರಿಯಲ್ಲಿ ಒಂದೇ ವೇಗದಲ್ಲಿ ಓಡುತ್ತಿದ್ದಾಗ ಕಾಸಿನಷ್ಟೂ ಫರಕಿಲ್ಲ. ಆದರೆ ನಿಂತ ಕಾರು ಹೊರಟಾಗ, ಮೊದಲು ಯಾರೋ ಹಿಂದಿನಿಂದ ಹಿಡಿದಿದ್ದವರು ಈಗ ಕೈಬಿಟ್ಟಂತೆ ಚಟ್ಟನೆ ಎದ್ದು ಹೊರಡುತ್ತಿತ್ತು. ಏರಿನಲ್ಲಿ ಗೇರು ಬದಲಿಸುವುದು ಅರ್ಧ ಏರಿನ ಬದಲು ತಲೆಯ ಹತ್ತಿರ ಬಂತು. ಒಂದು ಕಡೆ ಕುರಿಹಿಂಡು ಅಡ್ಡ ಬಂದಾಗ ಬ್ರೇಕು ಒತ್ತಿದೆ, ನಾನು ಎಣಿಸಿದ್ದಕ್ಕಿಂತ ಎರಡು ಮಾರು ಮೊದಲೇ ಕಾರು ನಿಂತಿತು. ಒಡೆದ ಕಲ್ಲಿನ ಮೇಲೆ ಮರದ ಗಾಲಿ ಎದ್ದರೆ ಇಡೀ ಕಾರನ್ನೇ ಎತ್ತಿ ಕುಕ್ಕುತ್ತಿತ್ತು. ತಂತಿ ಗಾಲಿ ತಾನೊಂದೇ ಎದ್ದು ತಾನೇ ಕೆಳಗೆ ಕೂರುತ್ತಿತ್ತು. ಸಂಜೆ ಸ್ಟೇರಿಂಗು ಬಿಟ್ಟಾಗ ಅಂಗೈ ಉರಿಯಲಿಲ್ಲ. ಅಷ್ಟು ವರ್ಷದಲ್ಲಿ ಮೊದಲ ಸಲ ಆ ಕಾರು ನಡೆಸುವುದು ಸುಖ ಎನಿಸಿತು, ಆ ಸುಖಕ್ಕೇ ನನಗೆ ಸಂಕಟವಾಯಿತು.

ಆ ವಾರದ ಕುಷ್ಟಗಿಯ ಪೇಶಿಯ ದಿನ ನಾನು ಕಚೇರಿಯ ಮುಂದಿನ ಮರದಡಿ ಕಾರಿನಲ್ಲೇ ಕೂತಿದ್ದೆ. ಎರಡು ಓಣಿ ಆಚೆ ಕಾಕಾನ ಬಾಚಿಯ ಸದ್ದು ಕೇಳುತ್ತಿತ್ತು. ಹೋಗಲು ಕೆಲಸವಿರಲಿಲ್ಲ. ಕಟ್ಟಿ ತಂದಿದ್ದ ಬುತ್ತಿ ಬಿಚ್ಚಿ ಒಬ್ಬನೇ ಉಂಡೆ. ಇನ್ನು ಮುಂದೆ ಪ್ರತಿ ವಾರ ಇದೇ ಎಂದು ಗೊತ್ತಾಯಿತು.

ವಾರ ಮುಗಿದ ದಿನ ಮನೆಯ ಮುಂದೆ ಕಾರಿನಿಂದ ಇಳಿಯುತ್ತ ವಕೀಲರು ಕೇಳಿದರು: "ಹೇಳಪಾ, ಏನನಸ್ತು? ನಾ ಅಂತೂ ಹಿಂದ ಕುಂತವಾ, ನನಗೇನೂ ತಿಳೀಲಿಲ್ಲ."

"ಏನೂ ಫರಕ್ ಇಲ್ರಿ," ಎಂದೆ.

"ಖರೇನ?"

"ಖರೇನ್ರಿ. ನೋಡಾಕ ಚಂದ ಅದಾವು, ಅಷ್ಟ."

ಕಚೇರಿಯಲ್ಲಿ ಎಂಥೆಂಥ ಸುಳ್ಳು ಸಾಕ್ಷಿಗಳನ್ನು ಸೀಳಿ ಹಾಕಿದ ಮನುಷ್ಯ, ನನ್ನ ಮಾತನ್ನು ನಂಬಿ ತಲೆಯಾಡಿಸಿ ಒಳಗೆ ಹೋದರು. ಆ ಕಾರಿನಲ್ಲಿ ನಿಜ ಗೊತ್ತಿದ್ದವನು ನಾನೊಬ್ಬನೇ, ಆದ್ದರಿಂದ ಸುಳ್ಳು ಹೇಳುವುದು ಅಷ್ಟು ಸುಲಭವಾಯಿತು. ನನಗೆ ನಾಚಿಕೆಯೂ ಆಗಲಿಲ್ಲ. ಮುಂದಿನ ವಾರ ಎರಡು ಗಾಲಿ ನೆನೆಹಾಕಬಹುದು ಎಂಬ ಖುಷಿಯೇ ಹೆಚ್ಚಾಗಿತ್ತು.

ಆ ಖುಷಿಯಲ್ಲಿ ಒಂದು ಮೂರ್ಖತನ ಮಾಡಿದೆ. ವಾಪಸು ಕಳಿಸುವ ಮೊದಲು ತಂತಿ ಗಾಲಿಯೊಂದನ್ನು ಬಿಡಿ ಗಾಲಿಯ ಜಾಗದಲ್ಲಿ ಕಟ್ಟಿಕೊಂಡು ಕುಷ್ಟಗಿಗೆ ಒಯ್ದೆ. ಕಾಕಾನಿಗೆ ತೋರಿಸಬೇಕಿತ್ತು. ನೋಡು, ಪರದೇಶದ ಗಾಲಿ ನಿನ್ನ ಗಾಲಿಯ ಮುಂದೆ ಸೋತಿತು, ವಕೀಲರೇ ಬೇಡವೆಂದರು ಎಂದು ದೊಡ್ಡ ದನಿಯಲ್ಲಿ ಹೇಳಿದೆ. ಅವನ ಮುಖ ಅರಳಿತು. ಹೆಂಡತಿಯನ್ನು ಕರೆದು, "ಕೇಳಿದೇನು?" ಎಂದ.

ಆಮೇಲೆ ತಂತಿ ಗಾಲಿಯನ್ನು ಎತ್ತಿದ. ಒಂದೇ ಕೈಯಲ್ಲಿ ಎದ್ದು ಬಂತು. ನಡುವಿನ ತೂತಿಗೆ ಕಬ್ಬಿಣದ ಸಲಾಕೆ ತೂರಿಸಿ, ಬೆರಳಿನಿಂದ ಒಂದು ಸಲ ತಿರುವಿದ. ಅದು ಸದ್ದಿಲ್ಲದೆ ತಿರುಗುತ್ತಲೇ ಇತ್ತು. ತನ್ನ ಗಾಲಿಯನ್ನೂ ಸಲಾಕೆಗೆ ಏರಿಸಿದ, ಎರಡು ಕೈ ಹಚ್ಚಬೇಕಾಯಿತು. ತಿರುವಿದರೆ ಅದು ಬೇಸರದಿಂದ ಎರಡು ಸುತ್ತು ಹಾಕಿ ನಿಂತಿತು. ಕಾಕಾ ಕೈ ಒರೆಸಿಕೊಂಡ.

"ಖರೇ ಹೇಳು. ಫರಕ್ ಇಲ್ಲೇನು?"

"ಇಲ್ಲ."

"ಒಂಚೂರೂ?"

"ಒಂಚೂರೂ ಇಲ್ಲ ಕಾಕಾ."

ಅವನು ನನ್ನ ಮುಖ ನೋಡಿದ. ನಾನು ಡೋಣಿ ನೋಡಿದೆ. ಅವನು ಮತ್ತೆ ಆ ಮಾತು ಎತ್ತಲಿಲ್ಲ, ರೊಟ್ಟಿ ಉಂಡು ಎಂದಿನಂತೆ ಹೊರಟೆ.

ಅಲ್ಲಿಂದ ಮುಂದೆ ಪ್ರತಿ ವಾರ ಅವನು ಏನಾದರೊಂದು ಕೇಳುತ್ತಿದ್ದ. ಏರಿನ್ಯಾಗ ಮೋಟಾರು ಹೆಂಗ ಮಾಡ್ತೈತಿ? ಕಲ್ಲ ಬಂದಾಗ ಎಲ್ಲಿ ಬಡೀತೈತಿ, ಸೊಂಟಕ್ಕೋ ಕೈಗೋ? ದಾರ ಹಿಡಿದು ಅರೆಕಾಲಿನ ಸುತ್ತಳತೆ ತೆಗೆದುಕೊಳ್ಳುತ್ತಿದ್ದ. ಹೊತ್ತು ಹೋಗದ್ದಕ್ಕೆ ಮಾತು ಎಂದುಕೊಂಡು ನಾನೂ ಹೇಳುತ್ತಿದ್ದೆ. ನನ್ನ ಕೆಲಸದ ಬಗ್ಗೆ ಅಷ್ಟು ಆಸ್ಥೆಯಿಂದ ಕೇಳಿದವರು ಬೇರೆ ಯಾರೂ ಇರಲಿಲ್ಲ, ಹಾಗಾಗಿ ಸ್ವಲ್ಪ ಹೆಚ್ಚೇ ಹೇಳಿದೆ.

ಯುಗಾದಿ ಕಳೆದ ಮೇಲೆ ಒಂದು ದಿನ ಹೋದರೆ ಅಂಗಳದಲ್ಲಿ ನಾಲ್ಕು ಹೊಸ ಗಾಲಿಗಳು ಗೋಡೆಗೆ ಆತು ನಿಂತಿದ್ದವು. ಬಿದ್ದುಹೋದ ಒಂದು ಹಳೆಯ ವಾಡೆಯ ತೊಲೆಯನ್ನು ತಂದು ಕೊಯ್ಯಿಸಿದ್ದ. ಸಾಗವಾನಿ, ಹಗುರವಾದ ಮರ. ಅರೆಕಾಲುಗಳು ತೆಳ್ಳಗೆ, ನಡುವೆ ಸ್ವಲ್ಪ ಉಬ್ಬಿ ತುದಿಗೆ ಸಣ್ಣಗಾಗಿ, ಎಷ್ಟು ನಯವಾಗಿದ್ದವೆಂದರೆ ಕೈ ಜಾರುತ್ತಿತ್ತು. ಚಕ್ಕಡಿಯ ಕೈ ಇಂಥದ್ದನ್ನು ಕಲಿಯಲು ಎಷ್ಟು ಮರ ಕೆಡಿಸಿತ್ತೋ ಗೊತ್ತಿಲ್ಲ, ಮೂಲೆಯಲ್ಲಿ ಮುರಿದ ಅರೆಕಾಲುಗಳ ಗುಡ್ಡೆಯೇ ಇತ್ತು.

"ಅವತ್ತ ನೀ ನನ್ನ ಸಲುವಾಗಿ ಸುಳ್ಳ ಹೇಳಿದಿ," ಎಂದ ಕಾಕಾ. "ತಂತಿ ಗಾಲಿ ಎತ್ತಿದ ಕೂಡ್ಲೆ ನನಗ ತಿಳೀತು. ನನ್ನ ಮರ್ಯಾದಿ ಹೋಗಬಾರ್ದಂತ, ನನ್ನ ಕೆಲಸ ತಪ್ಪಬಾರ್ದಂತ ಆ ಭಾರಾನೆಲ್ಲಾ ನೀ ಕೈಯಾಗ ಹೊತ್ತಿ. ಇನ್ನ ಹೊರಬ್ಯಾಡ. ಈ ಕಟಗಿ ನಮ್ಮಜ್ಜನ ಕಾಲದಾಗ ಒಣಗಿ ಮುಗದೈತಿ, ಇನ್ನ ಒಣಗಂಗಿಲ್ಲ. ಇದಕ್ಕ ನೀರೂ ಬ್ಯಾಡ, ನಾನೂ ಬ್ಯಾಡ."

ನಗುತ್ತ ಹೇಳಿದ. ಅವನಿಗೆ ಹೆಮ್ಮೆಯೂ ಇತ್ತು, ಕಣ್ಣಲ್ಲಿ ನೀರೂ ಇತ್ತು. ಅಲ್ಲ ಕಾಕಾ, ನಿನಗಾಗಿ ಹೇಳಿದ ಸುಳ್ಳಲ್ಲ ಅದು, ನನಗಾಗಿ ಹೇಳಿದ್ದು, ಇಲ್ಲಿ ಬಂದು ಕೂರಬೇಕೆಂದು ಹೇಳಿದ್ದು ಎಂದು ಆಗಲೇ ಹೇಳಬೇಕಾಗಿತ್ತು. ಗಂಗಾವತಿಯಲ್ಲಿ ಅತ್ತೆಯ ಮುಂದೆ ಏಳದ ನಾಲಿಗೆ ಇಲ್ಲೂ ಏಳಲಿಲ್ಲ. ಸುಮ್ಮನೆ ಗಾಲಿ ಹಾಕಿದೆ. ಅವನನ್ನು ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಊರ ಹೊರಗಿನವರೆಗೆ ಓಡಿಸಿದೆ. ಅಷ್ಟು ವರ್ಷ ಆ ಕಾರಿನ ಗಾಲಿ ಮುಟ್ಟಿದವನು ಅದರಲ್ಲಿ ಕೂತದ್ದು ಅದೇ ಮೊದಲು. ಕಲ್ಲು ಬಂದಾಗ ಗಾಲಿ ತಾನೊಂದೇ ಎದ್ದು ತಾನೇ ಕೂತಿತು. ತಂತಿ ಗಾಲಿಯಷ್ಟಲ್ಲದಿದ್ದರೂ ಹತ್ತಿರ ಹತ್ತಿರ ಅಷ್ಟೇ ಹಗುರ.

"ಈಗ ಹೇಳು, ಫರಕ್ ಐತೇನು?"

"ಐತಿ. ಭಾಳ ಐತಿ," ಎಂದೆ. ಆ ಪ್ರಶ್ನೆಗೆ ನಾನು ಕೊಟ್ಟ ಮೊದಲ ನಿಜವಾದ ಉತ್ತರ ಅದು. ಅವನು ಅದನ್ನು ನನ್ನ ಸಂತೋಷ ಎಂದುಕೊಂಡ.

ಆ ಬೇಸಿಗೆಯಲ್ಲಿ ಗಾಲಿ ಕಿರ್ರ್ ಎನ್ನಲಿಲ್ಲ. ಮುಂದಿನ ಬೇಸಿಗೆಯಲ್ಲೂ ಇಲ್ಲ. ತಿರುವು ಬಂದಾಗಲೆಲ್ಲ ಕಿವಿಗೊಟ್ಟು ಕೇಳುತ್ತಿದ್ದೆ. ಬೇರೆ ಡ್ರೈವರುಗಳು ಗಾಲಿ ಗಟ್ಟಿಯಾಗಿರಲಿ ಎಂದು ದೇವರಿಗೆ ಕೈಮುಗಿದರೆ, ನಾನು ಒಂದು ಅರೆಕಾಲಾದರೂ ಸಡಿಲಾಗಲಿ ಎಂದು ಬೇಡುತ್ತಿದ್ದೆ. ಕುಷ್ಟಗಿಯಲ್ಲಿ ಕಚೇರಿಯ ಮುಂದಿನ ಮರದಡಿ ಕಾರಿನಲ್ಲಿ ಕೂತು ಬಾಚಿಯ ಸದ್ದು ಕೇಳುವುದೇ ನನ್ನ ಪೇಶಿಯಾಯಿತು. ಒಮ್ಮೆ ಎದ್ದು ಆ ಓಣಿಯ ಮೂಲೆಯವರೆಗೆ ಹೋದೆ. ಬೇವಿನ ಮರ ಕಂಡಿತು. ಏನು ಬಂದಿ ಎಂದು ಕೇಳಿದರೆ ಏನು ಹೇಳಲಿ ಎಂದು ಯೋಚಿಸುತ್ತ ನಿಂತೆ. ಏನೂ ಹೊಳೆಯದೆ ತಿರುಗಿ ಬಂದೆ. ವಕೀಲರು ಹಿಂದೆ ಕೂತು ಎಂದಿನಂತೆ ಕಾಗದ ಓದುತ್ತಿದ್ದರು. ಗಾಲಿ ಬದಲಾದದ್ದೂ ಅವರಿಗೆ ತಿಳಿದಂತಿರಲಿಲ್ಲ.

ಒಂದು ಸಲ ಸಂತೆಯಲ್ಲಿ ಕಾಕಾ ಎದುರಾದ.

"ಗಾಲಿ ಹೆಂಗದಾವು?"

"ಛಲೋ ಅದಾವು ಕಾಕಾ."

"ಏನೂ ತ್ರಾಸಿಲ್ಲಲ್ಲ?"

"ಏನೂ ಇಲ್ಲ."

ಅವನು ಇನ್ನೂ ಏನೋ ಹೇಳುವವನಂತೆ ಸ್ವಲ್ಪ ಹೊತ್ತು ನಿಂತ. "ಹಂಗಾದ್ರ ಬರೋಬ್ಬರಿ ಆತು," ಎಂದು ಹೇಳಿ ಜನರ ನಡುವೆ ಹೋಗಿಬಿಟ್ಟ. ಅವನಿಗೆ ಕೆಲಸ ಬಹಳ ಇರಬೇಕು ಎಂದುಕೊಂಡೆ.

ಆಮೇಲೆ ಯುದ್ಧ ಬಂತು. ಪೆಟ್ರೋಲು ಸಿಗದಾಯಿತು, ಟೈರು ಸಿಗದಾಯಿತು. ಕಾರನ್ನು ಕೊಟ್ಟಿಗೆಯಲ್ಲಿ ನಾಲ್ಕು ಕಲ್ಲಿನ ಮೇಲೆ ಎತ್ತಿ ನಿಲ್ಲಿಸಿದೆವು. ವಕೀಲರು ಇದ್ದಿಲಿನ ಹೊಗೆಯಿಂದ ಓಡುವ ಬಸ್ಸಿನಲ್ಲಿ ಪೇಶಿಗೆ ಹೋಗತೊಡಗಿದರು. ನನ್ನನ್ನು ಬಿಡಿಸಲಿಲ್ಲ, ಅದು ಅವರ ದೊಡ್ಡತನ. ದಿನಾ ಕಾರು ಒರೆಸುತ್ತಿದ್ದೆ. ಒರೆಸಿದ ಮೇಲೆ ಮುಂದಿನ ಗಾಲಿಯನ್ನು ಬೆರಳಿನಿಂದ ತಿರುವುತ್ತಿದ್ದೆ. ಸದ್ದಿಲ್ಲದೆ ತಿರುಗುತ್ತಿತ್ತು. ಅದು ನಿಲ್ಲುವವರೆಗೆ ಕೂತು ನೋಡುವುದು, ಮತ್ತೆ ತಿರುವುವುದು. ಇಡೀ ದಿನದಲ್ಲಿ ಯಾರೊಂದಿಗೂ ಒಂದು ಮಾತೂ ಆಡದೆ ಕಳೆದ ದಿನಗಳು ಎಷ್ಟೋ ಇದ್ದವು. ಒಂಟಿತನ ಅಭ್ಯಾಸವಾಗುತ್ತದೆ ಎನ್ನುವವರು ಅದನ್ನು ಕಂಡವರಲ್ಲ.

ಹೀಗೆ ವರ್ಷಗಳು ಹೋದವು. ಯುದ್ಧ ಮುಗಿಯಿತೆಂದು ಸುದ್ದಿ ಬಂದ ಮೇಲೆ ಒಂದು ಬೆಳಿಗ್ಗೆ ನಾನು ಕೊಡತಿ, ಮರದ ಸುತ್ತಿಗೆ, ತೆಗೆದುಕೊಂಡೆ. ಮುಂದಿನ ಒಂದು ಗಾಲಿಯನ್ನು ಕಳಚಿ ನೆಲಕ್ಕೆ ಹಾಕಿ, ಒಂದು ಅರೆಕಾಲಿನ ಬುಡಕ್ಕೆ ಪಕ್ಕದಿಂದ ನಾಲ್ಕು ಪೆಟ್ಟು ಹಾಕಿದೆ. ಅಷ್ಟು ಚೆಂದದ ಕೆಲಸಕ್ಕೆ ಕೈಯೆತ್ತುತ್ತಿದ್ದೇನೆ ಎಂಬುದು ಗೊತ್ತಿತ್ತು. ಐದನೆಯ ಪೆಟ್ಟಿಗೆ ಅದು ಸಡಿಲಾಯಿತು. ಕೈಯಿಂದ ಅಲ್ಲಾಡಿಸಿದೆ, ಕಿರ್ರ್ ಎಂದಿತು. ಗಾಲಿ ಕೆಟ್ಟಿದೆ, ಕುಷ್ಟಗಿಗೆ ಹೋಗಿ ಬರುತ್ತೇನೆ ಎಂದು ವಕೀಲರಿಗೆ ಹೇಳಿದೆ. ಕಲ್ಲಿನ ಮೇಲೆ ನಿಂತ ಕಾರಿನ ಗಾಲಿ ಹೇಗೆ ಕೆಟ್ಟಿತು ಎಂದು ಅವರು ಕೇಳಲಿಲ್ಲ.

ಟೈರು, ಬಳೆ, ಗುಂಬ ತೆಗೆದು ಬರೀ ಮರದ ಗಾಲಿಯನ್ನು ಬಸ್ಸಿನ ಮೇಲೆ ಕಟ್ಟಿದೆ. "ಮೋಟಾರು ಎಲ್ಲೈತ್ರಿ? ಗಾಲಿ ಒಂದ ಹೊಂಟೈತಲ್ಲ!" ಎಂದು ಕಂಡಕ್ಟರು ನಕ್ಕ. ಕುಷ್ಟಗಿಯಲ್ಲಿ ಇಳಿದು, ಗಾಲಿಯನ್ನು ಹೆಗಲಿಗೇರಿಸಿ ಓಣಿಯ ಮೂಲೆ ದಾಟಿದೆ. ಈ ಸಲ ಏನು ಬಂದಿ ಎಂದರೆ ಹೇಳಲು ನನ್ನ ಹತ್ತಿರ ಉತ್ತರವಿತ್ತು.

ಬಾಚಿಯ ಸದ್ದು ಇರಲಿಲ್ಲ. ಡೋಣಿ ಒಣಗಿತ್ತು, ಅದರಲ್ಲಿ ಬೇವಿನ ಎಲೆ ತುಂಬಿತ್ತು. ಕಾಕಾ ಮರದ ಬುಡದಲ್ಲಿ ಗೋಣಿಯ ಮೇಲೆ ಕೂತಿದ್ದ. ಕಣ್ಣಿಗೆ ಪೊರೆ ಬಂದು ಬೆಳ್ಳಗಾಗಿತ್ತು. ಹೆಜ್ಜೆ ಸದ್ದಿಗೆ ತಲೆಯೆತ್ತಿ, "ಯಾರು?" ಎಂದ.

"ಮೋಟಾರಿನವ್ರು ಬಂದಾರ," ಎಂದಳು ಅವನ ಹೆಂಡತಿ ಬಾಗಿಲಿನಿಂದ.

"ಗಾಲಿ ಸಡ್ಲಾಗೈತಿ ಕಾಕಾ," ಎಂದೆ ಗಡಬಡಿಸಿ.

"ಸಾಗವಾನಿ ಸಡ್ಲಾತೇನು? ಇಲ್ಲಿ ತಾ."

ತೊಡೆಯ ಮೇಲೆ ಇಟ್ಟುಕೊಂಡು ಬೆರಳಾಡಿಸಿದ. ಒಂದೊಂದೇ ಅರೆಕಾಲು ಮುಟ್ಟುತ್ತ ಹೋಗಿ ಕೊಡತಿಯ ಪೆಟ್ಟು ಬಿದ್ದಲ್ಲಿ ಬೆರಳು ನಿಂತಿತು. ಅಲ್ಲೇ ಹಿಂದಕ್ಕೂ ಮುಂದಕ್ಕೂ ಆಡಿತು.

"ಇದು ತಾನಾಗಿ ಸಡ್ಲಾಗಿದ್ದಲ್ಲ. ಯಾರೋ ಹೊಡದಾರ."

"ನಾನ ಹೊಡದೆ."

"ಯಾಕ?"

ಇಷ್ಟು ವರ್ಷ ಏಳದಿದ್ದ ನಾಲಿಗೆ ಆಗ ಎದ್ದಿತು. "ಇಲ್ಲಿಗೆ ಬರಾಕ ಕೆಲಸ ಬೇಕಿತ್ತಲ್ಲ ಕಾಕಾ. ಅವತ್ತ ಫರಕ್ ಇಲ್ಲಂತ ಹೇಳಿದ್ದೂ ಅದಕ್ಕ. ನಿನ್ನ ಮರ್ಯಾದಿ ಸಲುವಾಗಿ ಅಲ್ಲ. ತಂತಿ ಗಾಲಿ ಬಂದ್ರ ನಾ ಇಲ್ಲಿಗೆ ಏನಂತ ಬರ್ಲಿ?"

ಅವನ ಕೈ ಆ ಪೆಟ್ಟಿನ ಗುರುತಿನ ಮೇಲೇ ಇತ್ತು.

"ಗಾಲಿ ಇಲ್ಲದ ಬಂದಿದ್ರ ನಾ ಬ್ಯಾಡ ಅಂತಿದ್ನೇನು?" ಎಂದ.

"ಪ್ರತಿ ಪೇಶಿ ದಿನ ಎರಡು ರೊಟ್ಟಿ ಹೆಚ್ಚಿಗಿ ಬಡೀತಿದ್ದೆ," ಎಂದಳು ಹೆಂಡತಿ. "ಮರದ ಕೆಳಗ ಮೋಟಾರು ನಿಂತೈತಿ, ಹೋಗಿ ಕರೀರಿ ಅಂತಿದ್ದೆ. ಇವ್ರು, ಗಾಲಿ ಛಲೋ ಅದಾವು, ಕೆಲಸ ಇಲ್ಲದ ಎದಕ ಕರೀಲಿ ಅಂತಿದ್ರು."

ನಾನು ನೆಲದ ಮೇಲೆ ಕೂತುಬಿಟ್ಟೆ. ಎರಡು ಓಣಿಯ ಆಚೆ ನಾನು, ಈಚೆ ಅವನು, ನಡುವೆ ನಾಲ್ಕು ಒಳ್ಳೆಯ ಗಾಲಿ. ಅಷ್ಟು ವರ್ಷಗಳು ಹಾಗೆ ಹೋಗಿದ್ದವು. ಅತ್ತೆ ಬಿಟ್ಟು ಬೇರೆ ಯಾರೂ ನನ್ನನ್ನು ಏನು ಬಂದಿ ಎಂದು ಕೇಳಿಯೇ ಇರಲಿಲ್ಲ. ನಾನು ಅತ್ತುಬಿಟ್ಟೆ.

ಕಾಕಾ ಹೆಂಡತಿಗೆ, "ಡೋಣಿ ತುಂಬು," ಎಂದ.

"ಡೋಣಿ ಎದಕ? ಸಾಗವಾನಿ ನೀರ ಕುಡಿಯಂಗಿಲ್ಲ ಅಂತ ನೀವ ಅಂತಿದ್ರಿ."

"ಇದು ಕುಡಿತೈತಿ. ಹೊತ್ತ ಮುಣಗೂತನಕ ನೆನೀಬೇಕಿದು."

ನಾನೇ ಎಲೆ ಬಳಿದು, ಬಾವಿಯಿಂದ ನೀರು ಸೇದಿ ಡೋಣಿ ತುಂಬಿದೆ. ಹಳೆಯ ಜಾಲಿಯ ಗಾಲಿ ನೀರಿಗಿಟ್ಟರೆ ನೆಟ್ಟಗೆ ತಳ ಸೇರುತ್ತಿತ್ತು. ಈ ಹಗುರ ಗಾಲಿ ಮುಳುಗಲಿಲ್ಲ, ತೇಲಿತು. ಎರಡೂ ಕೈಯಲ್ಲಿ ಒತ್ತಿ ಹಿಡಿದುಕೊಂಡು ಡೋಣಿಯ ಅಂಚಿಗೆ ಕೂತೆ. ಒಳಗೆ ರೊಟ್ಟಿ ಬಡಿಯುವ ಸದ್ದು ಶುರುವಾಯಿತು. ಸ್ವಲ್ಪ ಹೊತ್ತಿಗೆ ಕೊಪ್ಪಳದ ಕೊನೆಯ ಬಸ್ಸು ಹಾರ್ನು ಹೊಡೆಯುತ್ತ ಊರು ದಾಟಿತು.

"ಬಸ್ಸು ಹೋತಲ್ಲೋ," ಎಂದ ಕಾಕಾ.

"ಹೋಗ್ಲಿ ಬಿಡು," ಎಂದೆ. "ಗಾಲಿ ನೆನೀಬೇಕಲ್ಲ."